ಉಣ್ಣೆ ಔಷಧಿಯೂ ಹುಳು ಮನೆಯೂ: ಆಕ್ಟೋಪಮೈನ್ ವಿಚಾರ ರೈತರಿಗೇಕೆ ಗೊತ್ತಿರಬೇಕು



ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಬಹುತೇಕ ಮನೆಗಳ ಲೆಕ್ಕ ಎರಡು ಕಾಲಿನ ಮೇಲೆ ನಿಂತಿದೆ. ಒಂದು ಹಸು, ಇನ್ನೊಂದು ರೇಷ್ಮೆ ಹುಳು. ಹಾಲಿನ ಬಟವಾಡೆ ಮನೆ ಖರ್ಚಿಗೆ, ಗೂಡಿನ ದುಡ್ಡು ಸಾಲಕ್ಕೆ, ಮದುವೆಗೆ, ಬೋರ್‌ವೆಲ್‌ಗೆ. ಚಿಕ್ಕಬಳ್ಳಾಪುರ ಮತ್ತು ಗೌರಿಬಿದನೂರಿನ ಕಡೆ ಹೂವು, ತರಕಾರಿ, ಮೆಕ್ಕೆಜೋಳ ಸೇರಿಕೊಂಡರೂ ಹಿಪ್ಪುನೇರಳೆ ತೋಟವಿಲ್ಲದ ಊರು ಕಡಿಮೆ. ಕೊಟ್ಟಿಗೆಗೂ ಹುಳು ಮನೆಗೂ ನಡುವೆ ಎಷ್ಟೋ ಕಡೆ ಹತ್ತು ಹೆಜ್ಜೆ ದೂರವೂ ಇರುವುದಿಲ್ಲ. ಹಸುವಿನ ಗೊಬ್ಬರ ತೋಟಕ್ಕೆ ಹೋಗುತ್ತದೆ, ಹುಳು ತಿಂದು ಬಿಟ್ಟ ಸೊಪ್ಪು ಹಸುವಿನ ಮುಂದೆ ಬರುತ್ತದೆ.

ಹೀಗೆ ಒಂದಕ್ಕೊಂದು ಹೊಂದಿಕೊಂಡ ಎರಡು ಕಸುಬುಗಳ ನಡುವೆ ಒಂದು ವಸ್ತು ಮಾತ್ರ ಹೊಂದಿಕೊಳ್ಳುವುದಿಲ್ಲ. ಅದು ಉಣ್ಣೆ ಔಷಧಿ. ಅದನ್ನು ಎಷ್ಟು ಮಿಲಿ ಹಾಕಬೇಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅದು ಉಣ್ಣೆಯನ್ನು ಹೇಗೆ ಕೊಲ್ಲುತ್ತದೆ ಎಂದು ಮಾತ್ರ ಹೇಳುತ್ತಿಲ್ಲ. "ಅದೆಲ್ಲ ರೈತರಿಗೆ ಯಾಕೆ, ಡೋಸ್ ಹೇಳಿದರೆ ಸಾಕು" ಎನ್ನುವ ಮಾತನ್ನು ನಮ್ಮ ವೃತ್ತಿಯವರ ಬಾಯಲ್ಲೇ ಕೇಳಿದ್ದೇನೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಫ್ಯಾಟು, ಎಸ್.ಎನ್.ಎಫ್. ಲೆಕ್ಕವನ್ನು ಬಾಯಲ್ಲೇ ಹಾಕುವ ಜನ ಇದನ್ನೂ ತಿಳಿದುಕೊಳ್ಳಬಲ್ಲರು. ತಿಳಿದುಕೊಂಡರೆ ಮಾತ್ರ ಕೊಟ್ಟಿಗೆಯಲ್ಲಿ ಹೊಡೆದ ಔಷಧಿ ಹುಳು ಮನೆಗೂ ಸಂಬಂಧಪಟ್ಟದ್ದು ಎಂದು ತಾನಾಗಿಯೇ ಹೊಳೆಯುತ್ತದೆ.

ನಿಮಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ನಾಯಿ ನುಗ್ಗಿದರೆ, ಅಪರಿಚಿತರು ಗಲಾಟೆ ಮಾಡಿದರೆ, ಕೆಚ್ಚಲು ತುಂಬಿದ್ದರೂ ಹಸು ಹಾಲು ಇಳಿಸುವುದಿಲ್ಲ. ಹೆದರಿದ ಹಸುವಿನ ರಕ್ತಕ್ಕೆ ಅಡ್ರಿನಲಿನ್ ಎಂಬ ರಾಸಾಯನಿಕ ಬಂದು ಸೇರುತ್ತದೆ. ಅದು ಮೈಗೆಲ್ಲ "ಎಚ್ಚರ, ಓಡಲು ಸಿದ್ಧವಾಗು" ಎಂಬ ಸುದ್ದಿ ಮುಟ್ಟಿಸುತ್ತದೆ. ಎದೆಬಡಿತ ಜೋರಾಗುತ್ತದೆ, ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ, ಹಾಲು ಇಳಿಸುವ ಕೆಲಸ ನಿಲ್ಲುತ್ತದೆ. ಅಡ್ರಿನಲಿನ್ ಮತ್ತು ಅದರ ಅಣ್ಣನಂತಿರುವ ನಾರ್‌ಅಡ್ರಿನಲಿನ್ ಹಸು, ಕುರಿ, ನಾಯಿ, ಮನುಷ್ಯ ಎಲ್ಲರಲ್ಲೂ ಈ ಕೆಲಸ ಮಾಡುತ್ತವೆ.

ಉಣ್ಣೆ, ಜೇನು, ರೇಷ್ಮೆ ಹುಳು, ಜಿರಲೆ ಇವುಗಳ ಮೈಯಲ್ಲಿ ಇದೇ ಕೆಲಸವನ್ನು ಮಾಡುವುದು ಬೇರೊಂದು ರಾಸಾಯನಿಕ. ಅದರ ಹೆಸರು ಆಕ್ಟೋಪಮೈನ್. ಇಟಲಿಯ ವಿಜ್ಞಾನಿ ವಿಟ್ಟೋರಿಯೊ ಎರ್ಸ್ಪಾಮರ್ 1940ರ ದಶಕದ ಕೊನೆಯಲ್ಲಿ ಸಮುದ್ರದ ಆಕ್ಟೋಪಸ್ ಪ್ರಾಣಿಯ ಜೊಲ್ಲು ಗ್ರಂಥಿಯಲ್ಲಿ ಇದನ್ನು ಕಂಡುಹಿಡಿದರು, ಆದ್ದರಿಂದ ಆ ಹೆಸರು. ರಚನೆಯಲ್ಲಿ ನಾರ್‌ಅಡ್ರಿನಲಿನ್‌ಗೆ ಬಹಳ ಹತ್ತಿರ, ಒಂದೇ ಒಂದು ಕೊಂಡಿಯ ವ್ಯತ್ಯಾಸ. ಎರಡಕ್ಕೂ ಮೂಲ ಸಾಮಗ್ರಿ ಟೈರೋಸಿನ್ ಎಂಬ ಅಮೈನೋ ಆಮ್ಲ.

ಟೈರೋಸಿನ್ ಹೆಸರು ಕೇಳಿದರೆ ಡೈರಿಯವರಿಗೆ ಸ್ವಲ್ಪ ಹೆಮ್ಮೆಯಾಗಬೇಕು. 1846ರಲ್ಲಿ ಜರ್ಮನಿಯ ಲೀಬಿಗ್ ಅದನ್ನು ಮೊದಲು ಬೇರ್ಪಡಿಸಿದ್ದು ಗಿಣ್ಣಿನ ಕೇಸೀನಿನಿಂದ, ಅಂದರೆ ಹಾಲಿನ ಪ್ರೋಟೀನಿನಿಂದ. ಗ್ರೀಕ್ ಭಾಷೆಯಲ್ಲಿ ಟೈರೋಸ್ ಎಂದರೆ ಚೀಸ್. ರೇಷ್ಮೆ ನೂಲಿನ ಪ್ರೋಟೀನಿನಲ್ಲೂ ಸುಮಾರು ನೂರಕ್ಕೆ ಐದರಷ್ಟು ಟೈರೋಸಿನ್ ಇದೆ. ನೀವು ಬೆಳಿಗ್ಗೆ ಸಂಘಕ್ಕೆ ಹಾಕುವ ಹಾಲಿನಲ್ಲೂ ಶಿಡ್ಲಘಟ್ಟ ಮಾರುಕಟ್ಟೆಗೆ ಒಯ್ಯುವ ಗೂಡಿನಲ್ಲೂ ಇರುವ ವಸ್ತು ಇದು.

ಕೀಟಗಳ ಮೈಯಲ್ಲಿ ಆಕ್ಟೋಪಮೈನ್ ಮಾಡುವ ಕೆಲಸಗಳು ಒಂದೆರಡಲ್ಲ. ಮಿಡತೆ ಹಾರುವ ಮೊದಲು ಕೊಬ್ಬನ್ನು ಕರಗಿಸಿ ರೆಕ್ಕೆಗೆ ಇಂಧನ ಒದಗಿಸುವುದು, ಎದೆಬಡಿತ ಏರಿಸುವುದು, ಹಸಿವು ಮತ್ತು ಎಚ್ಚರವನ್ನು ಹದದಲ್ಲಿಡುವುದು, ಹೆಣ್ಣು ಮೊಟ್ಟೆ ಇಡುವಾಗ ಸ್ನಾಯುಗಳನ್ನು ಆಡಿಸುವುದು. ಜೇನುನೊಣ ಮೇವು ಹುಡುಕಿ ಹೊರಡುವುದರಲ್ಲೂ ಇದರ ಕೈವಾಡವಿದೆ. ಮುಂಗಾರಿಗೆ ಮುಂಚೆ ಹುಣಸೆ ತೋಪುಗಳಲ್ಲಿ ಮಿಂಚುಹುಳು ಬೆಳಗುತ್ತವಲ್ಲ, ಆ ದೀಪಕ್ಕೆ ನರದಿಂದ ಬರುವ ಆಜ್ಞೆಯೂ ಆಕ್ಟೋಪಮೈನ್ ರೂಪದಲ್ಲೇ ಬರುತ್ತದೆ.

ಮಿಂಚುಹುಳುವಿನ ಮಾತು ಸುಮ್ಮನೆ ತೆಗೆದದ್ದಲ್ಲ. ಉಣ್ಣೆ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು ಅದರಿಂದಲೇ. ಅಮಿಟ್ರಾಜ್ ಎಂಬ ಔಷಧಿಯನ್ನು ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಗೆ ತಯಾರಿಸಿದ್ದರು. ಅದೇ ಗುಂಪಿನ ಹಳೆಯ ಕೀಟನಾಶಕ ಕ್ಲೋರ್‌ಡೈಮೆಫಾರ್ಮ್. ಇವು ಹುಳುಗಳನ್ನು ಹೇಗೆ ಕೊಲ್ಲುತ್ತವೆ ಎಂಬುದು ಬಹಳ ಕಾಲ ಒಗಟಾಗಿತ್ತು, ಏಕೆಂದರೆ ಬೇರೆ ವಿಷಗಳಂತೆ ತಕ್ಷಣ ಕೆಡವುತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಹಾಲಿಂಗ್‌ವರ್ತ್ ಮತ್ತು ಮರ್ಡಾಕ್ ಎಂಬ ವಿಜ್ಞಾನಿಗಳು ಈ ಗುಂಪಿನ ಔಷಧಿಯನ್ನು ಮಿಂಚುಹುಳುವಿಗೆ ಕೊಟ್ಟು ನೋಡಿದರು. ಹುಳುವಿನ ದೀಪ ಹತ್ತಿಕೊಂಡಿತು. ಅಂದರೆ ಔಷಧಿಯು ಆಕ್ಟೋಪಮೈನ್‌ನ ವೇಷ ಹಾಕಿಕೊಂಡು ಹೋಗಿ ಅದರ ಬೀಗವನ್ನೇ ತೆರೆದಿತ್ತು.

ನಿಮ್ಮ ಹಸುವಿನ ಮೈಮೇಲಿನ ಉಣ್ಣೆಗೆ ಆಗುವುದೂ ಇದೇ. ಅಮಿಟ್ರಾಜ್ ಕಳ್ಳ ಬೀಗದ ಕೈ ಇದ್ದ ಹಾಗೆ. ಅದು ಬೀಗದೊಳಗೆ ಸಿಕ್ಕಿಕೊಂಡು ಕುಳಿತರೆ "ಎಚ್ಚರ, ಎಚ್ಚರ" ಎಂಬ ಸುದ್ದಿ ನಿಲ್ಲದೆ ಹೋಗುತ್ತಲೇ ಇರುತ್ತದೆ. ಉಣ್ಣೆಗೆ ನೆಮ್ಮದಿಯಾಗಿ ಕಚ್ಚಿಕೊಂಡು ಕೂರಲಾಗುವುದಿಲ್ಲ. ಬಾಯಿ ಬಿಡುತ್ತದೆ, ಗುರಿಯಿಲ್ಲದೆ ಓಡಾಡುತ್ತದೆ, ಉದುರಿ ಬೀಳುತ್ತದೆ, ರಕ್ತವಿಲ್ಲದೆ ಸಾಯುತ್ತದೆ. ಹೆಣ್ಣು ಉಣ್ಣೆ ಸರಿಯಾಗಿ ಮೊಟ್ಟೆ ಇಡಲಾರದು. ಇದಕ್ಕೆಲ್ಲ ಒಂದೆರಡು ದಿನ ಬೇಕು.

ಈ ಒಂದೆರಡು ದಿನ ತಾಳ್ಮೆ ಇಲ್ಲದಿರುವುದೇ ನಮ್ಮಲ್ಲಿ ಅರ್ಧ ಅನಾಹುತಕ್ಕೆ ಕಾರಣ. ಬೆಳಿಗ್ಗೆ ಹೊಡೆದು ಸಂಜೆ ನೋಡಿ "ಮೇಡಂ, ಈ ಔಷಧಿ ಪವರ್ ಇಲ್ಲ" ಎಂದು ಫೋನ್ ಬರುತ್ತದೆ. ಮಾರನೆಯ ದಿನ ಎರಡು ಮುಚ್ಚಳದ ಬದಲು ನಾಲ್ಕು ಮುಚ್ಚಳ ಹಾಕುತ್ತಾರೆ. ಅದೂ ಸಾಲದೆ ಟೊಮ್ಯಾಟೊಗೆ ತಂದ ಕೀಟನಾಶಕವನ್ನು ಸೇರಿಸಿಕೊಳ್ಳುವವರೂ ಇದ್ದಾರೆ. ಬೆಳೆಗೆ ಹೊಡೆಯುವ ವಿಷವನ್ನು ಹಸುವಿನ ಮೈಗೆ ಹಚ್ಚುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಸು ಮೈ ನೆಕ್ಕುತ್ತದೆ, ಕರು ಕೆಚ್ಚಲು ಚೀಪುತ್ತದೆ, ಆ ಹಾಲು ಮನೆಯ ಮಕ್ಕಳ ಲೋಟಕ್ಕೂ ಸಂಘದ ಕ್ಯಾನಿಗೂ ಬರುತ್ತದೆ.

ಹಸುವಿಗೆ ಅಮಿಟ್ರಾಜ್ ಅಷ್ಟಾಗಿ ಏಕೆ ತಾಗುವುದಿಲ್ಲ? ಆಕ್ಟೋಪಮೈನ್‌ಗೇ ಎಂದು ಮೀಸಲಾದ ಬೀಗ ಹಸುವಿನ ಮೈಯಲ್ಲಿ ಇಲ್ಲ. ಆದರೆ ನಾರ್‌ಅಡ್ರಿನಲಿನ್‌ನ ಬೀಗಗಳಲ್ಲಿ ಆಲ್ಫಾ-2 ಎಂಬುದೊಂದು ಅದರ ದೂರದ ನೆಂಟ. ಹೇಳಿದ ಪ್ರಮಾಣದಲ್ಲಿ ಹಾಕಿದರೆ ಆ ಬೀಗ ಅಲುಗಾಡುವಷ್ಟು ಔಷಧಿ ಒಳಗೆ ಹೋಗುವುದಿಲ್ಲ. ಪ್ರಮಾಣ ಮೀರಿದರೆ, ಗಾಯದ ಮೂಲಕ ಹೊಕ್ಕರೆ, ಹಸು ಕುಡಿದುಬಿಟ್ಟರೆ ಕಥೆ ಬೇರೆ. ಹಸು ಮಂಕಾಗುತ್ತದೆ, ಜೊಲ್ಲು ಸುರಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬಬಹುದು. ಕೊಂಬಿನ ಆಪರೇಷನ್‌ಗೆ ಮೊದಲು ನಾವು ಕೊಡುವ ಜೈಲಜೀನ್ ಎಂಬ ಮಂಪರಿನ ಇಂಜೆಕ್ಷನ್ ನೋಡಿದ್ದೀರಲ್ಲ, ಹಸು ತಲೆ ಇಳಿಬಿಟ್ಟು ಜೊಲ್ಲು ಸುರಿಸುತ್ತ ನಿಲ್ಲುತ್ತದೆ. ಅದು ಹಿಡಿಯುವುದೂ ಇದೇ ಆಲ್ಫಾ-2 ಬೀಗವನ್ನು. ಕುದುರೆಗಂತೂ ಅಮಿಟ್ರಾಜ್ ಹಾಕಲೇಬಾರದು, ಕರುಳಿನ ಚಲನೆ ನಿಂತು ಸಾಯಬಹುದು. ಬೆಕ್ಕಿಗೂ ಹಾಕಬೇಡಿ.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ಉಣ್ಣೆಗೆ ಇರುವ ಆ ಬೀಗ ರೇಷ್ಮೆ ಹುಳುವಿನಲ್ಲೂ ಇದೆ. ಜಪಾನಿನ ವಿಜ್ಞಾನಿಗಳು ರೇಷ್ಮೆ ಹುಳುವಿನ ಆಕ್ಟೋಪಮೈನ್ ಬೀಗಗಳನ್ನೇ ಬೇರ್ಪಡಿಸಿ ಅಧ್ಯಯನ ಮಾಡಿದ್ದಾರೆ. ಕ್ಲೋರ್‌ಡೈಮೆಫಾರ್ಮನ್ನು ಹಿಂದೆ ಹತ್ತಿಯ ಕಾಯಿಕೊರಕ, ಭತ್ತದ ಕಾಂಡಕೊರಕಗಳ ಮೇಲೆ ಬಳಸುತ್ತಿದ್ದರು. ಈ ಗುಂಪಿನ ಔಷಧಿ ತಗುಲಿದ ಕಂಬಳಿಹುಳುಗಳು ಮೇವು ಬಿಟ್ಟು, ಎಲೆಯ ಮೇಲೆ ನಿಲ್ಲಲಾರದೆ ಉದುರುತ್ತವೆ ಎಂಬುದು ಆಗಿನಿಂದಲೂ ಗೊತ್ತಿರುವ ವಿಷಯ. ಕ್ಲೋರ್‌ಡೈಮೆಫಾರ್ಮ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಆಮೇಲೆ ಹಿಂದೆಗೆದುಕೊಳ್ಳಲಾಯಿತು, ಅದು ಬೇರೆ ಮಾತು. ಕಾಯಿಕೊರಕ ಮತ್ತು ಕಾಂಡಕೊರಕಗಳು ಚಿಟ್ಟೆ, ಪತಂಗಗಳ ಜಾತಿಗೆ ಸೇರಿದವು. ನಮ್ಮ ರೇಷ್ಮೆ ಹುಳುವೂ ಅದೇ ಜಾತಿ.

"ಹೊರದೇಶಗಳಲ್ಲಿ ಇದೇ ಅಮಿಟ್ರಾಜ್ ಪಟ್ಟಿಯನ್ನು ಜೇನು ಪೆಟ್ಟಿಗೆಯೊಳಗೇ ನೇತು ಹಾಕುತ್ತಾರಂತೆ, ಜೇನಿಗೆ ಏನೂ ಆಗದಿದ್ದರೆ ಹುಳುವಿಗೇನು?" ಎಂದು ಓದಿಕೊಂಡ ಯುವ ರೈತರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಜೇನಿನ ಮೈಗೆ ಅಂಟಿಕೊಳ್ಳುವ ವರೋವಾ ನುಸಿಗೆ ಆ ಪಟ್ಟಿ ಹಾಕುವುದು ನಿಜ. ನುಸಿ ಸಾಯುತ್ತದೆ, ಜೇನು ಉಳಿಯುತ್ತದೆ. ಅದಕ್ಕೆ ಕಾರಣವನ್ನು ಚೀನಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದರು. ನುಸಿಯ ಬೀಗಕ್ಕೂ ಜೇನಿನ ಬೀಗಕ್ಕೂ ಮೂರು ಅಮೈನೋ ಆಮ್ಲಗಳ ವ್ಯತ್ಯಾಸ ಇದೆ, ಅಷ್ಟರಿಂದಲೇ ಕಳ್ಳ ಕೈ ಜೇನಿನ ಬೀಗಕ್ಕೆ ಸರಿಯಾಗಿ ಕೂರುವುದಿಲ್ಲ. ಅದು ಜೇನಿನ ಅದೃಷ್ಟ. ಆ ಅದೃಷ್ಟ ರೇಷ್ಮೆ ಹುಳುವಿಗೂ ಇದೆ ಎಂದುಕೊಂಡು ಒಂದು ಬೆಳೆಯನ್ನು ಪಣಕ್ಕಿಡುವುದು ಜಾಣತನವಲ್ಲ.

ಅಮಿಟ್ರಾಜ್ ಬಿಟ್ಟು ಬೇರೆ ಔಷಧಿ ಹಾಕೋಣ ಎಂದರೆ ಅದೂ ಸುಲಭವಲ್ಲ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಇವು ಇನ್ನೊಂದು ಗುಂಪು. ಇವು ಆಕ್ಟೋಪಮೈನ್ ಬೀಗಕ್ಕೆ ಹೋಗುವುದಿಲ್ಲ, ನರದ ತಂತಿಯಲ್ಲೇ ಶಾರ್ಟ್ ಸರ್ಕ್ಯೂಟ್ ಮಾಡುತ್ತವೆ. ರೇಷ್ಮೆ ಹುಳುವಿಗೆ ಈ ಗುಂಪು ಅತ್ಯಂತ ಘೋರ ವಿಷ. ಲೆಕ್ಕಕ್ಕೇ ಸಿಗದಷ್ಟು ಸೂಕ್ಷ್ಮ ಪ್ರಮಾಣ ಸಾಕು. ಹುಳು ತಲೆ ಎತ್ತಿ ಒದ್ದಾಡುತ್ತದೆ, ಹಸಿರು ರಸ ಕಕ್ಕುತ್ತದೆ, ಮೈ ಕುಗ್ಗುತ್ತದೆ. ಸಾಯದೆ ಉಳಿದರೂ ಚಂದ್ರಿಕೆಗೆ ಹಾಕಿದಾಗ ಗೂಡು ಕಟ್ಟುವುದಿಲ್ಲ, ಕಟ್ಟಿದರೂ ಪೊಳ್ಳು.

ಹಾಲು ಕೊಡುವ ಹಸುವಿಗೆ ಐವರ್‌ಮೆಕ್ಟಿನ್ ಸೂಜಿ ಹಾಕಿ ಎಂದು ಒತ್ತಾಯ ಮಾಡುವವರಿಗೂ ಒಂದು ಮಾತು. ಅದು ಕೊಬ್ಬಿನ ಜೊತೆ ಹಾಲಿಗೆ ಇಳಿದು ಬಹಳ ದಿನ ಬರುತ್ತಲೇ ಇರುತ್ತದೆ. ಕರೆಯುವ ಹಸುವಿಗೆ ಅದು ಬೇಡ.

ಔಷಧಿ ಹುಳು ಮನೆಗೆ ಹೋಗುವ ದಾರಿ ಗಾಳಿಯೊಂದೇ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಾನು ಹಳ್ಳಿಗಳಲ್ಲಿ ನೋಡಿದ ಮಟ್ಟಿಗೆ ಗಾಳಿಗಿಂತ ಕೈಯ ದಾರಿಯೇ ದೊಡ್ಡದು. ಹಸು ತೊಳೆಯುವವರು, ಔಷಧಿ ಹಚ್ಚುವವರು, ಸೊಪ್ಪು ಕೊಯ್ಯುವವರು, ಹುಳುವಿಗೆ ಹಾಕುವವರು ಬಹಳ ಮನೆಗಳಲ್ಲಿ ಒಬ್ಬರೇ, ಅದೂ ಮನೆಯ ಹೆಂಗಸು. ಬಟ್ಟೆ ಅದ್ದಿ ಬರಿಗೈಯಲ್ಲಿ ಹಸುವಿನ ಮೈ ಒರೆಸಿ, ನೀರಲ್ಲಿ ಕೈ ಅಲ್ಲಾಡಿಸಿ, ಸೆರಗಿಗೆ ಒರೆಸಿಕೊಂಡು ನೇರ ಹುಳು ಮನೆಗೆ ಹೋದರೆ ಆ ಸೆರಗಿನ ಜೊತೆ ಔಷಧಿಯೂ ಹೋಯಿತು. ಇದಕ್ಕೆ ಆಕೆಯನ್ನು ಬೈದು ಪ್ರಯೋಜನವಿಲ್ಲ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದದ್ದನ್ನು ಆಕೆಗೆ ಯಾರೂ ಓದಿ ಹೇಳಿಲ್ಲ.

ಎರಡನೆಯ ದಾರಿ ಸ್ಪ್ರೇಯರ್ ಕ್ಯಾನು. ಬೆನ್ನಿಗೆ ಹಾಕಿಕೊಳ್ಳುವ ಒಂದೇ ಕ್ಯಾನು ಮನೆಯಲ್ಲಿರುತ್ತದೆ. ಅದರಲ್ಲೇ ಟೊಮ್ಯಾಟೊಗೆ, ಅದರಲ್ಲೇ ಹಸುವಿಗೆ, ಅದರಲ್ಲೇ ಹುಳು ಮನೆ ತೊಳೆಯುವ ಸೋಂಕು ನಿವಾರಕಕ್ಕೆ. ಉಣ್ಣೆ ಔಷಧಿ ಎಣ್ಣೆಯಂಥದು, ಪೈಪಿನೊಳಗೆ, ವಾಷರಿನಲ್ಲಿ ಅಂಟಿಕೊಂಡಿರುತ್ತದೆ. ಎರಡು ಸಲ ನೀರು ಹಾಕಿ ಕುಲುಕಿದರೆ ಹೋಗುವುದಿಲ್ಲ. ಹುಳು ಮನೆಗೆಂದು ಬೇರೆ ಕ್ಯಾನು ಇಡಿ, ಅದಕ್ಕೆ ಬಣ್ಣ ಬಳಿದು ಗುರುತು ಮಾಡಿ, ನೆರೆಯವರು ಕೇಳಿದರೂ ಕೊಡಬೇಡಿ. ಆಗುವ ಖರ್ಚು ಅರ್ಧ ಮಣೆ ಗೂಡಿನ ಬೆಲೆಯೂ ಅಲ್ಲ ಎಂದು ಜನ ಹೇಳುವುದುಂಟು. ಲೆಕ್ಕ ಏನೇ ಇರಲಿ, ಬೆಳೆ ಹೋದ ದಿನ ನೋಡಿದರೆ ಅದು ಖರ್ಚೇ ಅಲ್ಲ.

ಬೆಳೆ ಹೋದಾಗ ಮಾತು ಎಲ್ಲಿಗೆ ಹೋಗುತ್ತದೆ ನೋಡಿ. ಮೊಟ್ಟೆ ಸರಿಯಿರಲಿಲ್ಲ, ಚಾಕಿ ಕೇಂದ್ರದವರು ಮೋಸ ಮಾಡಿದರು, ಬಿಸಿಲು ಹೆಚ್ಚಾಯಿತು, ಯಾರದೋ ಕಣ್ಣು ಬಿತ್ತು. ಇವುಗಳಲ್ಲಿ ಮೊದಲ ಮೂರು ಎಷ್ಟೋ ಸಲ ನಿಜವೂ ಇರಬಹುದು. ಆದರೆ ಹಿಂದಿನ ಮೂರು ದಿನಗಳಲ್ಲಿ ಕೊಟ್ಟಿಗೆಯಲ್ಲಿ ಏನು ಹೊಡೆದಿರಿ ಎಂದು ಕೇಳುವವರೇ ಇಲ್ಲ. ರೇಷ್ಮೆ ಇಲಾಖೆಯವರು ಹುಳು ನೋಡುತ್ತಾರೆ, ನಾವು ಹಸು ನೋಡುತ್ತೇವೆ, ನಡುವಿನ ಹತ್ತು ಹೆಜ್ಜೆ ಯಾರ ಜವಾಬ್ದಾರಿಯೂ ಅಲ್ಲ. ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜೇ ಇದೆ. ನಮ್ಮ ಒಕ್ಕೂಟದ ವಿಸ್ತರಣಾಧಿಕಾರಿಗಳು, ಪಶುವೈದ್ಯರು ಮತ್ತು ಆ ಕಾಲೇಜಿನವರು ವರ್ಷಕ್ಕೆರಡು ಸಲ ಒಂದೇ ಜಗುಲಿಯ ಮೇಲೆ ಕುಳಿತು ರೈತರೊಂದಿಗೆ ಈ ವಿಷಯ ಮಾತಾಡಿದರೆ ಆಗಬಾರದೆ?

ಹಾಗಾದರೆ ಉಣ್ಣೆ ಬಿಟ್ಟುಬಿಡೋಣವೇ? ಅದು ಸಾಧ್ಯವೇ ಇಲ್ಲ. ಎಚ್.ಎಫ್. ಮಿಶ್ರತಳಿ ಹಸುವಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ರೋಗ ಎಂಥದು ಎಂದು ಅನುಭವಿಸಿದವರಿಗೆ ಗೊತ್ತು. ಜ್ವರ 105, 106ಕ್ಕೆ ಏರುತ್ತದೆ, ಭುಜದ ಮುಂದಿನ ಗಂಟು ನಿಂಬೆಹಣ್ಣಿನ ಹಾಗೆ ಊದುತ್ತದೆ, ಹಾಲು ಒಂದೇ ದಿನಕ್ಕೆ ಇಳಿಯುತ್ತದೆ, ರಕ್ತ ಬತ್ತುತ್ತದೆ. ಬುಪರ್ವಾಕ್ವೋನ್ ಇಂಜೆಕ್ಷನ್ ಇದೆ, ಆದರೆ ದುಬಾರಿ, ತಡವಾದರೆ ಕೆಲಸ ಮಾಡದು. ಮೂತ್ರ ಕೆಂಪಾಗುವ ಬಬೇಸಿಯಾ, ಕಣ್ಣು ಬಿಳಿಚಿಕೊಳ್ಳುವ ಅನಾಪ್ಲಾಸ್ಮಾ ಕೂಡ ಉಣ್ಣೆಯ ಕೊಡುಗೆಗಳೇ. ನಮ್ಮ ಹಳ್ಳಿಕಾರ್ ತಳಿ ಉಣ್ಣೆಯನ್ನು ಎಷ್ಟೋ ತಡೆದುಕೊಳ್ಳುತ್ತದೆ, ಸೀಮೆ ಹಸು ತಡೆಯದು. ಆದ್ದರಿಂದ ಔಷಧಿ ಬೇಕು. ಸರಿಯಾಗಿ ಬೇಕು, ಅಷ್ಟೆ.

ಸರಿಯಾಗಿ ಎಂದರೆ ಹೀಗೆ. ಶೇಕಡಾ 12.5 ಎಂದು ಬಾಟಲಿ ಮೇಲೆ ಬರೆದಿರುವ ಅಮಿಟ್ರಾಜ್ ಆದರೆ ಹಸುವಿನ ಉಣ್ಣೆಗೆ ಲೀಟರ್ ನೀರಿಗೆ 2 ಮಿಲಿ. ಮುಚ್ಚಳದ ಅಳತೆ ಬೇಡ, ಮುಚ್ಚಳಗಳ ಗಾತ್ರ ಒಂದೇ ಇರುವುದಿಲ್ಲ. ನಮ್ಮಲ್ಲಿ ಬಳಸಿದ ಸಿರಿಂಜು ಕೇಳಿದರೆ ಸೂಜಿ ತೆಗೆದು ಕೊಡುತ್ತೇವೆ, ಅದರಲ್ಲೇ ಅಳೆಯಿರಿ. ಔಷಧಿ ಹೆಚ್ಚು ಹಾಕಿ ನೀರು ಕಡಿಮೆ ಮಾಡುವುದು ನಮ್ಮಲ್ಲಿ ಸಾಮಾನ್ಯ. ಬೇಕಾಗಿರುವುದು ಅದರ ತಿರುಗುಮುರುಗು. ಒಂದು ಚೊಂಬು ದ್ರಾವಣದಲ್ಲಿ ದೊಡ್ಡ ಹಸು ನೆನೆಯದು, ಕೆಲವು ಲೀಟರ್ ಬೇಕು. ಉಣ್ಣೆ ಅಡಗುವುದು ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ತೊಡೆಯ ಸಂದಿಯಲ್ಲಿ, ಬಾಲದ ಬುಡದಲ್ಲಿ. ಬೆನ್ನ ಮೇಲೆ ಹೊಡೆದು ಕೈ ತೊಳೆದುಕೊಂಡರೆ ಉಪಯೋಗವಿಲ್ಲ.

ಕಲಸಿದ್ದನ್ನು ಅದೇ ದಿನ ಬಳಸಿ ಮುಗಿಸಿ. ಅಮಿಟ್ರಾಜ್ ನೀರಿನಲ್ಲಿ, ಅದರಲ್ಲೂ ಸಗಣಿ, ಗಂಜಲ ಸೇರಿದರೆ ಅಥವಾ ಹುಳಿ ಅಂಶವಿದ್ದರೆ ಬೇಗ ಒಡೆದುಹೋಗುತ್ತದೆ. ಹೊರದೇಶಗಳಲ್ಲಿ ದೊಡ್ಡ ತೊಟ್ಟಿಗಳಲ್ಲಿ ದನ ಮುಳುಗಿಸುವ ಪದ್ಧತಿ ಇರುವಲ್ಲಿ ಔಷಧಿ ಕೆಡದಿರಲೆಂದು ಸುಣ್ಣ ಬೆರೆಸುತ್ತಾರೆ. ಉಳಿದದ್ದನ್ನು ಬಾಟಲಿಗೆ ತುಂಬಿಟ್ಟು ಮುಂದಿನ ವಾರ ಹಾಕಿದರೆ ಅದು ಹೆಚ್ಚುಕಮ್ಮಿ ಬರೀ ನೀರು, ಆಮೇಲೆ ದೂರು ಔಷಧಿಯ ಮೇಲೆ.

ಹಾಲು ಕರೆದ ಮೇಲೆ ಹೊಡೆಯಿರಿ, ಮುಂಚೆಯಲ್ಲ. ಮುಂದಿನ ಸಲ ಕರೆಯುವಾಗ ಕೆಚ್ಚಲು, ಮೊಲೆತೊಟ್ಟುಗಳನ್ನು ಚೆನ್ನಾಗಿ ತೊಳೆದು ಒರೆಸಿ. ಹಾಲು ಎಷ್ಟು ಹೊತ್ತು ಸಂಘಕ್ಕೆ ಹಾಕಬಾರದು ಎಂದು ಲೇಬಲ್ಲಿನಲ್ಲಿ ಇದ್ದರೆ ಅದನ್ನು ಪಾಲಿಸಿ. ಯುರೋಪಿನಲ್ಲಿ ಒಂದು ಕಿಲೋ ಹಾಲಿನಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಅಮಿಟ್ರಾಜ್ ಇರಬಾರದೆಂಬ ಮಿತಿ ಇದೆ. ಅಂದರೆ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು. ನಂದಿನಿ ಹಾಲು ಕುಡಿಯುವ ಬೆಂಗಳೂರಿನ ಮಗುವಿಗೂ ನಾವು ಅಷ್ಟೇ ಬಿಗಿಯಾದ ಲೆಕ್ಕ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹುಳು ಇರುವ ಮನೆಯಲ್ಲಿ ಉಣ್ಣೆಗೆ ಔಷಧಿ ಹಾಕುವ ಸರಿಯಾದ ಸಮಯ ಚಾಕಿ ಹುಳು ಮನೆಗೆ ಬರುವ ಮೊದಲು. ಗೂಡು ಬಿಡಿಸಿ ಮಾರಿದ ಮೇಲೆ ಮುಂದಿನ ಬೆಳೆಗೆ ಮುಂಚೆ ಸಿಗುವ ಬಿಡುವಿನಲ್ಲಿ ಹಸುವಿಗೂ ಕೊಟ್ಟಿಗೆಗೂ ಒಟ್ಟಿಗೆ ಮಾಡಿ ಮುಗಿಸಿ. ಹಾಗೂ ನಡುವೆ ಹಾಕಲೇಬೇಕಾಗಿ ಬಂದರೆ ಹಸುವನ್ನು ಹುಳು ಮನೆಯಿಂದ ದೂರಕ್ಕೆ, ತೋಟದಿಂದಲೂ ದೂರಕ್ಕೆ ಕರೆದೊಯ್ದು, ಗಾಳಿ ಹುಳು ಮನೆಯ ಕಡೆ ಬೀಸದ ಹೊತ್ತಿನಲ್ಲಿ, ಸಿಂಪಡಿಸದೆ ಬಟ್ಟೆಯಲ್ಲಿ ಒರೆಸಿ, ಕೈಗವಸು ಹಾಕಿಕೊಂಡು ಮಾಡಿ. ಅವತ್ತು ಹುಳುವಿಗೆ ಸೊಪ್ಪು ಹಾಕುವ ಕೆಲಸ ಬೇರೆಯವರು ಮಾಡಲಿ. ಬೇರೆಯವರಿಲ್ಲದಿದ್ದರೆ ಸೋಪು ಹಾಕಿ ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹುಳು ಮನೆ ಹೊಕ್ಕಬೇಕು. ಹುಳು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ನಾಲ್ಕನೆಯ ಜ್ವರ ಎದ್ದ ಮೇಲೆಯೇ ತಿನ್ನುತ್ತದೆ. ಆ ಒಂದು ವಾರವಂತೂ ಉಣ್ಣೆ ಔಷಧಿಯ ಬಾಟಲಿ ತೆರೆಯಲೇಬೇಡಿ. ಕ್ಯಾನು ತೊಳೆದ ನೀರನ್ನು ತೋಟದ ಕಾಲುವೆಗೂ ಕೆರೆಗೂ ಬಿಡಬೇಡಿ, ಮೀನಿಗೂ ಇವು ವಿಷ.

ಉಣ್ಣೆಯ ಅರ್ಧ ಜೀವನ ಹಸುವಿನ ಮೇಲೆ ಇಲ್ಲ ಎಂಬುದನ್ನೂ ಮರೆಯಬಾರದು. ರಕ್ತ ಕುಡಿದು ದ್ರಾಕ್ಷಿಯಂತೆ ಊದಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲಿ, ಗೋದಲಿಯ ಸಂದಿನಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಥೈಲೇರಿಯಾ ಹರಡುವ ಜಾತಿಯಂತೂ ಬಿರುಕುಗಳಲ್ಲೇ ಸಂಸಾರ ಮಾಡುತ್ತದೆ. ಬಿರುಕು ಮುಚ್ಚಿ ಸಾರಿಸುವುದು, ಸುಣ್ಣ ಬಳಿಯುವುದು, ಕಸ ಗುಡಿಸಿ ಸುಡುವುದು ಇವಕ್ಕೆ ಯಾವ ಬೀಗವೂ ಬೇಕಿಲ್ಲ, ಹುಳುವಿಗೆ ಯಾವ ಅಪಾಯವೂ ಇಲ್ಲ. ಬಿರುಕು ಬಿಟ್ಟ ಮಣ್ಣಿನ ಗೋಡೆಯನ್ನು ಹಾಗೇ ಬಿಟ್ಟು ತಿಂಗಳಿಗೊಂದು ಬಾಟಲಿ ಕೊಳ್ಳುವ ಮನೆಗಳನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಇನ್ನು ಒಕ್ಕೂಟ ಮತ್ತು ಸಂಘಗಳು ಏನು ಮಾಡಬೇಕು ಎಂಬ ವಿಚಾರ. ಸಂಘದ ಮೂಲಕ ಕೊಡುವ ಪ್ರತಿ ಉಣ್ಣೆ ಔಷಧಿಯ ಬಾಟಲಿಗೂ ಕನ್ನಡದ ಚೀಟಿ ಅಂಟಿಸಬೇಕು. ಅದರಲ್ಲಿ ಪ್ರಮಾಣ, ಔಷಧಿಯ ಗುಂಪು, "ರೇಷ್ಮೆ ಹುಳುವಿಗೆ ಅಪಾಯ" ಎಂಬ ಮೂರು ಸಾಲು ದೊಡ್ಡ ಅಕ್ಷರದಲ್ಲಿ ಇದ್ದರೆ ಸಾಕು. ಗುಂಪು ಬರೆಯಬೇಕೆಂದು ಒತ್ತಿ ಹೇಳಲು ಕಾರಣವಿದೆ. ಒಂದು ಔಷಧಿ ಕೆಲಸ ಮಾಡದಾಗ ರೈತ ಇನ್ನೊಂದು ಬಣ್ಣದ ಡಬ್ಬಿ ಕೊಳ್ಳುತ್ತಾನೆ. ಬ್ರ್ಯಾಂಡ್ ಬದಲಾಗುತ್ತದೆ, ಗುಂಪು ಅದೇ ಇರುತ್ತದೆ. ಉಣ್ಣೆ ಬೀಗವನ್ನೇ ಬದಲಿಸಿಕೊಂಡಿದ್ದರೆ ಅದೇ ಗುಂಪಿನ ಹತ್ತು ಬ್ರ್ಯಾಂಡ್ ತಂದರೂ ಅಷ್ಟೆ. ಇದು ಕಲ್ಪನೆಯಲ್ಲ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲೇ ಅಮಿಟ್ರಾಜ್‌ಗೆ ಬಗ್ಗದ ಉಣ್ಣೆ ಕಾಣಿಸಿಕೊಂಡಿತು, ಅಂಥ ಉಣ್ಣೆಗಳ ಆಕ್ಟೋಪಮೈನ್ ಬೀಗದಲ್ಲಿ ಬದಲಾವಣೆ ಆಗಿರುವುದನ್ನು ಆಮೇಲೆ ಗುರುತಿಸಿದರು. ಡೆಲ್ಟಾಮೆಥ್ರಿನ್ ಗುಂಪಿಗೆ ಬಗ್ಗದ ಉಣ್ಣೆಗಳು ಭಾರತದ ಹಲವು ರಾಜ್ಯಗಳಲ್ಲಿ ದಾಖಲಾಗಿವೆ. ಅರ್ಧ ಡೋಸು, ಅರ್ಧ ಮೈ, ಮನಸ್ಸಿಗೆ ಬಂದಾಗ ಸಿಂಪಡಣೆ, ಇವೇ ಅಂಥ ಉಣ್ಣೆಯನ್ನು ಸಾಕುವ ವಿಧಾನ.

ಸಂಘದ ಗೋಡೆಯಲ್ಲಿ ಹಾಲಿನ ದರದ ಬೋರ್ಡ್ ಪಕ್ಕ ಇನ್ನೊಂದು ಸಣ್ಣ ಬೋರ್ಡ್ ಇರಲಿ. ಈ ತಿಂಗಳು ಊರಿನಲ್ಲಿ ಬಳಸುತ್ತಿರುವ ಔಷಧಿಯ ಗುಂಪು ಯಾವುದು, ಯಾವಾಗಿನಿಂದ ಎಂದು ಕಾರ್ಯದರ್ಶಿ ಬರೆಯಲಿ. ಇಡೀ ಊರಿಗೆ ಒಂದೇ ದಿನ ಸಿಂಪಡಿಸುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ನಮ್ಮ ಊರುಗಳಲ್ಲಿ ವರ್ಷವಿಡೀ ಯಾರದೋ ಒಬ್ಬರ ಮನೆಯಲ್ಲಿ ಹುಳು ಇದ್ದೇ ಇರುತ್ತದೆ. ಅಂಥ ಆದೇಶ ಹೊರಡಿಸುವವರು ಒಮ್ಮೆ ಶಿಡ್ಲಘಟ್ಟಕ್ಕೆ ಬಂದು ನೋಡಬೇಕು.

ಮನೆಯಲ್ಲಿ ಔಷಧಿ ಇಡುವ ಬಗ್ಗೆಯೂ ಹೇಳಲೇಬೇಕು. ಜ್ಯೂಸ್ ಬಾಟಲಿಗೆ ಸ್ವಲ್ಪ ಹಾಕಿಸಿಕೊಂಡು ಬಂದು ಗೂಡಿನಲ್ಲಿಡುವ ಅಭ್ಯಾಸ ನಿಲ್ಲಬೇಕು. ಮಕ್ಕಳು ಅಮಿಟ್ರಾಜ್ ಕುಡಿದರೆ ಗಾಢ ಮಂಪರು, ನಿಧಾನ ನಾಡಿ, ತಣ್ಣನೆಯ ಮೈ, ಚಿಕ್ಕದಾದ ಕಣ್ಣುಪಾಪೆ ಕಾಣುತ್ತವೆ. ಆಸ್ಪತ್ರೆಯಲ್ಲಿ ಇದು ಬೆಳೆಗೆ ಹೊಡೆಯುವ ಆರ್ಗನೋಫಾಸ್ಫರಸ್ ವಿಷದ ಹಾಗೆಯೇ ಕಾಣಬಹುದು, ಆದರೆ ಎರಡರ ಚಿಕಿತ್ಸೆ ಒಂದೇ ಅಲ್ಲ. ವಾಂತಿ ಮಾಡಿಸಲು ಹೋಗಬೇಡಿ. ಮೂಲ ಬಾಟಲಿಯನ್ನು ಲೇಬಲ್ ಸಮೇತ ಹಿಡಿದುಕೊಂಡು ಆಸ್ಪತ್ರೆಗೆ ಓಡಿ, "ಇದು ಅಮಿಟ್ರಾಜ್" ಎಂದು ಬಾಯಿಬಿಟ್ಟು ಹೇಳಿ. ಸಮಯಕ್ಕೆ ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ನಿಮ್ಮ ಊರಿನಲ್ಲಿ ಸರಿಯಾದ ಪ್ರಮಾಣದಲ್ಲಿ, ಪೂರ್ತಿ ಮೈ ನೆನೆಯುವಂತೆ ಹಾಕಿ ಮೂರು ದಿನ ಕಾದ ಮೇಲೂ ಉಣ್ಣೆ ಉದುರದಿದ್ದರೆ ಎರಡನೆಯ ಬಾಟಲಿ ಕೊಳ್ಳಬೇಡಿ. ಊದಿದ ಹೆಣ್ಣು ಉಣ್ಣೆ ಹತ್ತು ಹನ್ನೆರಡನ್ನು ಬಾಯಿ ಮುರಿಯದಂತೆ ಬಿಡಿಸಿ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಹಾಕಿ, ಬಳಸಿದ ಔಷಧಿಯ ಹೆಸರು ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಾರ್ಯದರ್ಶಿಯ ಕೈಯಲ್ಲಿ ನಮಗೆ ಕಳಿಸಿ. ಆ ಉಣ್ಣೆಗಳನ್ನು ಔಷಧಿಯಲ್ಲಿ ಅದ್ದಿ, ಒಂದೆರಡು ವಾರ ಇಟ್ಟು, ಮೊಟ್ಟೆ ಇಡುತ್ತವೆಯೋ ಇಲ್ಲವೋ ನೋಡಿದರೆ ಯಾವ ಗುಂಪಿನ ಔಷಧಿ ಇನ್ನೂ ಕೆಲಸ ಮಾಡುತ್ತದೆ ಎಂದು ತಿಳಿಯುತ್ತದೆ. ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿ ತಿರುಗಿಸಿ, ಹಾಲಿನ ವಾಹನದಲ್ಲಿ ಅವು ಹೊರಬಂದರೆ ಡ್ರೈವರ್ ಮತ್ತೆ ನಿಮ್ಮ ಡಬ್ಬಿ ಮುಟ್ಟುವುದಿಲ್ಲ.